ಬಿಪಿ ನಾರ್ಮಲ್ ಇದ್ದರೂ ಮಗು ಅಪಾಯದಲ್ಲಿರಬಹುದು

ತೀರಾ ಹುಷಾರಿಲ್ಲದ ಮಗುವನ್ನು ಎತ್ತಿಕೊಂಡು ಎಮರ್ಜೆನ್ಸಿಗೆ ಓಡಿ ಬಂದವರಿಗೆ ಒಂದು ವಿಷಯ ಸಿಟ್ಟು ತರಿಸಬಹುದು. ಅನುಭವಿ ನರ್ಸ್ ಅಥವಾ ಡಾಕ್ಟರು ಮೊದಲ ಕೆಲವು ಕ್ಷಣ ಮಗುವನ್ನು ಮುಟ್ಟುವುದೇ ಇಲ್ಲ. ಎರಡು ಹೆಜ್ಜೆ ದೂರ ನಿಂತು ನೋಡುತ್ತಾರೆ, ಅಷ್ಟೇ. ಸುಮ್ನೆ ನಿಂತಿದ್ದಾರಲ್ಲ ಅನಿಸುತ್ತದೆ, ಆದರೆ ಪರೀಕ್ಷೆ ಆಗಲೇ ಶುರುವಾಗಿರುತ್ತದೆ. ಈ ನೋಟಕ್ಕೆ ಒಂದು ಕ್ರಮ ಸಿಗಲು ಸುಮಾರು ಐವತ್ತು ವರ್ಷ ಹಿಡಿಯಿತು.

ಇಷ್ಟು ತಡವಾಗಿದ್ದು ಯಾಕೆ? ಬಹಳ ಕಾಲ ಮಕ್ಕಳನ್ನೂ ದೊಡ್ಡವರ ಲೆಕ್ಕದಲ್ಲೇ ಅಳೆಯುತ್ತಿದ್ದರು. ದೊಡ್ಡವರಲ್ಲಿ ಹೆಚ್ಚಾಗಿ ಹೃದಯದ ಕಾಯಿಲೆಯಿಂದಲೇ ಹೃದಯ ನಿಲ್ಲುತ್ತದೆ. ಮಕ್ಕಳಲ್ಲಿ ಮೊದಲು ಉಸಿರಾಟ ಸೋಲುತ್ತದೆ, ಇಲ್ಲವೇ ಶಾಕ್ (ಮೈಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ) ಆಗುತ್ತದೆ, ಹೃದಯ ನಿಲ್ಲುವುದು ಸಾಮಾನ್ಯವಾಗಿ ಕೊನೆಗೆ. ಇನ್ನು ಬಿಪಿಯದ್ದು ಬೇರೆಯೇ ಮೋಸ. ಮೈಯಲ್ಲಿ ರಕ್ತವೋ ನೀರೋ ಕಡಿಮೆಯಾದಾಗ ಮಗುವಿನ ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿಯಾಗುತ್ತವೆ, ಹೀಗೆ ಬಿಪಿ ಹೇಗೋ ನಿಂತಿರುತ್ತದೆ. ಅದು ಬಿತ್ತು ಅಂದರೆ ನಾವು ಆಗಲೇ ತಡಮಾಡಿದ್ದೇವೆ ಅಂತ ಅರ್ಥ. ನಾಲ್ಕು ವರ್ಷದ ಮಗುವಿಗೆ ಮೇಲಿನ ಬಿಪಿ 78ಕ್ಕಿಂತ ಕೆಳಗಿಳಿದರೆ ಕಡಿಮೆ ಎನ್ನುತ್ತಾರೆ. ಆ ಅಂಕಿಗಾಗಿ ಕಾದು ಕೂರುವ ಹಾಗಿಲ್ಲ.

ಕಣ್ಣಿಗೆ ಕಾಣುವುದನ್ನೇ ಅಂಕಿಯಾಗಿಸಬಹುದು ಅಂತ ತೋರಿಸಿದವರು ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗಾರ್. 1952ರಲ್ಲಿ ಅವರು ಆಗ ತಾನೇ ಹುಟ್ಟಿದ ಮಗುವಿಗೆ ಐದು ಅಂಶ ಇಟ್ಟರು: ಬಣ್ಣ, ಹೃದಯ ಬಡಿತ, ಪ್ರತಿಕ್ರಿಯೆ, ಸ್ನಾಯುಗಳ ಬಿಗಿ, ಉಸಿರು. ಒಂದೊಂದಕ್ಕೂ 0ರಿಂದ 2 ಅಂಕ. ದೊಡ್ಡ ಯಂತ್ರ ಯಾವುದೂ ಬೇಡ.

1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಪ್ರಜ್ಞೆ ಅಳೆಯುವ ಸ್ಕೇಲ್ ಕೊಟ್ಟರು. ಅದರಲ್ಲಿ ರೋಗಿಯ ಮಾತಿಗೂ ಅಂಕ ಇದೆ. ಹತ್ತು ತಿಂಗಳ ಕೂಸನ್ನು ಮಾತಾಡಿಸಿ ಅಂಕ ಕೊಡುವುದು ಹೇಗೆ? 1989ರಲ್ಲಿ ಮಲಾವಿಯಲ್ಲಿ, ಮಿದುಳಿಗೆ ಮಲೇರಿಯಾ ಏರಿದ ಮಕ್ಕಳಿಗಾಗಿ ಬಂದ ಬ್ಲಾಂಟೈರ್ ಸ್ಕೇಲ್ ಮಾತನ್ನು ಬಿಟ್ಟು ಅಳುವನ್ನು ನೋಡಿತು, ಮಗುವಿನ ಕಣ್ಣು ಅಮ್ಮನ ಮುಖವನ್ನು ಹಿಂಬಾಲಿಸುತ್ತಾ ಅಂತ ನೋಡಿತು. ಇಡೀ ಚರಿತ್ರೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಪಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮತ್ತವರ ತಂಡ 1980ರ ದಶಕದಲ್ಲಿ ನ್ಯುಮೋನಿಯಾಕ್ಕೂ ಇಂಥದ್ದೇ ದಾರಿ ಹುಡುಕಿತು. ಎಕ್ಸ್‌ರೇ ಇಲ್ಲದ ಕಡೆ ಉಸಿರು ಎಣಿಸಿ, ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತದೆಯಾ ಅಂತ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇಂದಿಗೂ ಸರಳ: ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಲ್ಲಿಗೆ ಮುಟ್ಟಿದರೆ ಅದು ವೇಗದ ಉಸಿರು.

ಅಮೆರಿಕದಲ್ಲಿ ಮಕ್ಕಳ ತುರ್ತುಸೇವೆಗೆ ಅಂತಲೇ ಸರ್ಕಾರಿ ಕಾರ್ಯಕ್ರಮ ಬಂದದ್ದು 1984ರಲ್ಲಿ, ಜೀವಕ್ಕೆ ಅಪಾಯವಿರುವ ಮಕ್ಕಳನ್ನು ಉಳಿಸುವುದನ್ನು ಡಾಕ್ಟರು, ನರ್ಸ್‌ಗಳಿಗೆ ಕಲಿಸುವ ಪಾಲ್ಸ್ ತರಬೇತಿ 1988ರಲ್ಲಿ. ಮೊದಲು ಹೇಳಿದ ಆ ದೂರದ ನೋಟಕ್ಕೆ 2000ದಲ್ಲಿ ಅಲ್ಲಿನ ಮಕ್ಕಳ ತಜ್ಞರ ಅಕಾಡೆಮಿ ತ್ರಿಕೋನದ ರೂಪ ಕೊಟ್ಟಿತು. ಒಂದು ಬದಿ ಮಗುವಿನ ಒಟ್ಟು ಚಹರೆ: ಮೈ ಜೋತುಬಿದ್ದಿದೆಯಾ, ಸುತ್ತ ನೋಡುತ್ತಿದೆಯಾ, ಎತ್ತಿಕೊಂಡರೆ ಸಮಾಧಾನ ಆಗುತ್ತಾ, ಅಳುವಿನಲ್ಲಿ ಕಸುವಿದೆಯಾ. ಎರಡನೆಯದು ಉಸಿರಾಟದ ಶ್ರಮ, ಅಂದರೆ ಮೂಗಿನ ಹೊಳ್ಳೆ ಅರಳುವುದು, ನರಳುವ ಸದ್ದು. ಮೂರನೆಯದು ಚರ್ಮದ ಬಣ್ಣ. ಕಾಯಿಲೆಯ ಹೆಸರು ಇದರಿಂದ ಸಿಗುವುದಿಲ್ಲ. ಈ ಮಗು ಕಾಯಬಹುದಾ, ಕಾಯಬಾರದಾ ಅನ್ನುವುದು ಗೊತ್ತಾಗುತ್ತದೆ, ಆ ಹೊತ್ತಿಗೆ ಬೇಕಾದದ್ದೂ ಅದೇ ಅಲ್ವಾ.

ಕಾಯುವುದೇ ಕೊಲ್ಲುತ್ತದೆ ಅಂತ ಮಲಾವಿಯ ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಚೆನ್ನಾಗಿ ಗೊತ್ತಾಯಿತು. ಎಲಿಜಬೆತ್ ಮಾಲಿನ್ಯೂ ಮತ್ತು ಅವರ ಜೊತೆಗಾರರು ಹೊಸ ಔಷಧಿ ಏನೂ ತರಲಿಲ್ಲ. ಸಾಲಿನಲ್ಲಿ ನಿಂತ ಮಕ್ಕಳನ್ನು ಬಂದ ಕೂಡಲೇ ನೋಡಿ ವಿಂಗಡಿಸುವ ಏರ್ಪಾಡು ಮಾಡಿ, ಒಳಗಿನ ವ್ಯವಸ್ಥೆಯನ್ನೂ ಬದಲಿಸಿದರು. ಮೊದಲು 100 ಒಳರೋಗಿ ಮಕ್ಕಳಲ್ಲಿ 10ರಿಂದ 18 ಮಂದಿ ಸಾಯುತ್ತಿದ್ದರು, ಆಮೇಲೆ ಅದು 6ರಿಂದ 8ಕ್ಕೆ ಇಳಿಯಿತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ವಿಂಗಡಣೆಯ ತರಬೇತಿ ಕೈಪಿಡಿ ತಂದಿತು.

ಗುರುತಿಸಿದ್ದಾಯಿತು, ಮುಂದೇನು? ಶಾಕ್ ಅಂದರೆ ಬೇಗ ಬೇಗ ಸಲೈನ್ ಏರಿಸಿ ಅನ್ನುವುದು ಯಾರೂ ಪ್ರಶ್ನಿಸದ ಪಾಠವಾಗಿತ್ತು. ಉಗಾಂಡ, ಕೀನ್ಯಾ, ಟಾಂಜಾನಿಯಾದ 3,141 ಮಕ್ಕಳ ಮೇಲೆ ನಡೆದ ಫೀಸ್ಟ್ ಅಧ್ಯಯನ 2011ರಲ್ಲಿ ಅದನ್ನು ಅಲ್ಲಾಡಿಸಿತು. ಜ್ವರ ಬಂದು ಶಾಕ್‌ಗೆ ಹೋದವರಲ್ಲಿ, ದ್ರವವನ್ನು ಜೋರಾಗಿ ಕೊಟ್ಟ ಗುಂಪುಗಳಲ್ಲಿ 48 ಗಂಟೆಯೊಳಗೆ ಸುಮಾರು ಶೇ. 10.5 ಮಕ್ಕಳು ತೀರಿಕೊಂಡರು, ಹಾಗೆ ಕೊಡದವರಲ್ಲಿ ಶೇ. 7.3. ವಾಂತಿಭೇದಿಯ ಮಕ್ಕಳು ಇದರಲ್ಲಿ ಇರಲಿಲ್ಲ, ಇದನ್ನು ಮರೆತು ಯಾರೂ ಮಾತಾಡಬಾರದು.

ವಾರ್ಡಿನಲ್ಲಿರುವ ಮಕ್ಕಳ ಸ್ಥಿತಿ ಹದಗೆಡುತ್ತಿದ್ದರೆ ಮೊದಲೇ ತಿಳಿಸುವ ಎಚ್ಚರಿಕೆ ಅಂಕಗಳು 2005ರ ಆಸುಪಾಸಿನಿಂದ ಬಂದವು. ಅಂಥದ್ದೊಂದನ್ನು ಏಳು ದೇಶಗಳ 21 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು, ಸಾವಿನ ಪ್ರಮಾಣ ಇಳಿದಿರಲಿಲ್ಲ. ಅಂಕಿ ತುಂಬುವುದು ಬೇರೆ, ಅದನ್ನು ನೋಡಿ ಯಾರಾದರೂ ಓಡಿ ಬರುವುದು ಬೇರೆ ಅನ್ನುವುದು ನನ್ನ ಅನುಮಾನ. 2023ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಇಡೀ ದೇಶಕ್ಕೆ ಒಂದೇ ಚಾರ್ಟ್ ತಂದಾಗ ಉಸಿರು, ನಾಡಿ, ಆಕ್ಸಿಜನ್ ಜೊತೆಗೆ ಇನ್ನೊಂದು ಜಾಗವನ್ನೂ ಸೇರಿಸಿತು: ಮಗುವಿನ ಬಗ್ಗೆ ಅಪ್ಪ ಅಮ್ಮನಿಗೆ ಇರುವ ಆತಂಕ. ಅದನ್ನೂ ಕೇಳಿ ಬರೆದುಕೊಳ್ಳಬೇಕು. ಅಂಕಗಳೆಲ್ಲ ಸರಿಯಿದ್ದರೂ ಅವರ ಆತಂಕ ಜಾಸ್ತಿಯಿದ್ದರೆ ಹಿರಿಯ ಡಾಕ್ಟರನ್ನು ಕರೆಯಬಹುದು.