ಧರ್ಮ ಬಿಡಲಿಲ್ಲ, ಜಮಾತ್ ಬಿಡಬೇಕಾಯಿತು: ಬೊಹ್ರಾ ಸುಧಾರಣಾವಾದಿಗಳ ದೀರ್ಘ ವ್ಯಾಜ್ಯ

1949ರಲ್ಲಿ ಮುಂಬೈ ಪ್ರಾಂತ್ಯದ ಸರ್ಕಾರ ಬಹಿಷ್ಕಾರ ತಡೆ ಕಾಯ್ದೆಯನ್ನು ತಂದಿತು. ಯಾವುದೇ ಜಾತಿ ಅಥವಾ ಸಮುದಾಯ ತನ್ನ ಸದಸ್ಯನನ್ನು ಹೊರಹಾಕಿದರೆ ಆ ಬಹಿಷ್ಕಾರ ಅಸಿಂಧು, ಹೊರಹಾಕಿದವರಿಗೆ 1,000 ರೂಪಾಯಿವರೆಗೆ ದಂಡ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಸೀಮೆಗಳು ಆಗ ಅದೇ ಪ್ರಾಂತ್ಯದಲ್ಲಿದ್ದವು, ಹಾಗಾಗಿ ಕಾನೂನು ಕನ್ನಡದ ನೆಲಕ್ಕೂ ಅನ್ವಯಿಸುತ್ತಿತ್ತು. ಕುಲದಿಂದ ಹೊರಗಿಡುವುದು, ಮದುವೆ ಮುಂಜಿಗೆ ಕರೆಯದಿರುವುದು, ಸತ್ತರೆ ಹೆಗಲು ಕೊಡದಿರುವುದು ನಮ್ಮ ಊರುಗಳಿಗೇನೂ ಹೊಸದಾಗಿರಲಿಲ್ಲ. ಆದರೆ ಆ ಕಾನೂನನ್ನು ಸುಪ್ರೀಂ ಕೋರ್ಟಿನವರೆಗೆ ಎಳೆದೊಯ್ದು ರದ್ದು ಮಾಡಿಸಿದವರು ಯಾವುದೋ ಊರಿನ ಪಂಚರಲ್ಲ, ದಾವೂದಿ ಬೊಹ್ರಾ ಸಮುದಾಯದ ಪರಮ ಗುರು.

ಬೊಹ್ರಾಗಳು ಇಸ್ಮಾಯಿಲಿ ಶಿಯಾ ಪಂಥದವರು, ಬಹುಪಾಲು ಗುಜರಾತಿ ಮೂಲದ ವ್ಯಾಪಾರಿಗಳು. ತಮ್ಮ 21ನೆಯ ಇಮಾಮರಾದ ತಯ್ಯಿಬ್ 12ನೆಯ ಶತಮಾನದಲ್ಲಿ ಮರೆಯಾದರು, ಅವರ ವಂಶದ ಇಮಾಮರು ಇಂದಿಗೂ ಗುಪ್ತವಾಗಿ ಇದ್ದಾರೆ ಎಂಬುದು ಅವರ ನಂಬಿಕೆ. ಕಣ್ಣಿಗೆ ಕಾಣದ ಇಮಾಮರ ಪರವಾಗಿ ಸಮುದಾಯವನ್ನು ನಡೆಸುವವರು ದಾಯಿ. ಈ ಪೀಠ ಯೆಮನ್‌ನಿಂದ 16ನೆಯ ಶತಮಾನದಲ್ಲಿ ಗುಜರಾತಿಗೆ ಬಂತು, ಈಗ ಮುಂಬೈಯಲ್ಲಿದೆ. ಮಕ್ಕಳು ಪ್ರಾಯಕ್ಕೆ ಬಂದಾಗ 'ಮಿಸಾಖ್' ಎಂಬ ನಿಷ್ಠೆಯ ಪ್ರಮಾಣ ಮಾಡುತ್ತಾರೆ. ಮದುವೆಗೆ, ದಫನಿಗೆ ದಾಯಿಯವರ ಅಥವಾ ಊರಿನಲ್ಲಿ ಅವರ ಪ್ರತಿನಿಧಿಯಾದ ಆಮಿಲರ 'ರಝಾ', ಅಂದರೆ ಅನುಮತಿ, ಬೇಕು.

ಈ ವ್ಯವಸ್ಥೆ ಕೊಡುವುದೂ ಬಹಳ. ಕಷ್ಟಕ್ಕೆ ಒದಗುವ ಸಾಲ, ಮಕ್ಕಳಿಗೆ ಶಾಲೆ, ಹೊಸ ಊರಿಗೆ ಹೋದರೆ ತಂಗಲು ಮುಸಾಫಿರ್‌ಖಾನೆ, ಮನೆಮನೆಗೆ ಸಮುದಾಯದ ಅಡುಗೆಮನೆಯಿಂದ ಬರುವ ಊಟ. ಅದರಿಂದ ಹೊರಬೀಳುವುದು ಅಷ್ಟು ಕಷ್ಟವಾಗಿರುವುದಕ್ಕೆ ಕಾರಣವೂ ಇದೇ. ಹೊರಗಾದವನು ಕಳೆದುಕೊಳ್ಳುವುದು ಒಂದು ಅಭಿಪ್ರಾಯವನ್ನಲ್ಲ. ಅಂಗಡಿಯ ಗಿರಾಕಿಗಳನ್ನು, ಮಗಳ ಮನೆಯ ಹೊಸ್ತಿಲನ್ನು, ಅಪ್ಪನ ಸಮಾಧಿಯ ಪಕ್ಕದ ಆರಡಿ ನೆಲವನ್ನು.

ಮೊದಲ ಪ್ರಶ್ನೆ ಎದ್ದದ್ದು ಹಣದ ಬಗ್ಗೆ. ಮುಂಬೈಯಲ್ಲಿ ಸೇಠ್ ಚಾಂದಾಭಾಯಿ ಅವರ ಸಮಾಧಿಯ ಬಳಿ ಭಕ್ತರು ಕಾಣಿಕೆ ಹಾಕುವ ಪೆಟ್ಟಿಗೆಯೊಂದಿತ್ತು. ಅದರ ಲೆಕ್ಕ ಯಾರು ಕೊಡಬೇಕು ಎಂದು 1917ರಲ್ಲಿ ಮೊಕದ್ದಮೆ ಹೂಡಲಾಯಿತು. 1921ರಲ್ಲಿ ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿ ಮಾರ್ಟೆನ್, ಆ ಹಣಕ್ಕೆ ದಾಯಿ ಧರ್ಮದರ್ಶಿಯಂತೆ ಉತ್ತರದಾಯಿ ಎಂದು ತೀರ್ಪಿತ್ತರು. ಆ ಮೇಲೆ ಬಂದ ಸುಧಾರಣಾವಾದಿಗಳ ನಿಲುವು ಇದು: ಧರ್ಮದ ವಿಷಯದಲ್ಲಿ ದಾಯಿ ಹೇಳಿದ್ದು ಸರಿ, ಲೌಕಿಕದಲ್ಲಿ ನಮ್ಮ ಬದುಕು ನಮ್ಮದು, ಸಮುದಾಯದ ಹಣಕ್ಕೆ ಲೆಕ್ಕ ಬೇಕು. ಇದನ್ನು ಧರ್ಮದ್ರೋಹ ಎಂದು ಕರೆಯುವುದು ಎಂದಿಗೂ ನ್ಯಾಯವಾಗಿರಲಿಲ್ಲ.

ಬುರಹಾನಪುರದ ದರ್ಗಾ ಪ್ರಕರಣ ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ದಾಯಿಗೆ ಬಹಿಷ್ಕರಿಸುವ ಅಧಿಕಾರವಿದೆ, ಆದರೆ ಮನಬಂದಂತೆ ಬಳಸುವ ಹಾಗಿಲ್ಲ ಎಂದು 1947ರ ಡಿಸೆಂಬರಿನಲ್ಲಿ ಅದು ಹೇಳಿತು. 1949ರ ಕಾಯ್ದೆ ಬಂದ ಕೂಡಲೇ ತೈಯಬ್‌ಭಾಯಿ ಮೂಸಾಜಿ ಕೋಯಿಚಾ ಎಂಬವರು ತಮ್ಮ ಮೇಲಿದ್ದ 1934 ಮತ್ತು 1948ರ ಬಹಿಷ್ಕಾರದ ಆದೇಶಗಳನ್ನು ಮುಂಬೈ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಕಾಯ್ದೆ ಸಿಂಧು ಎಂದು ಹೈಕೋರ್ಟ್ ಎತ್ತಿಹಿಡಿಯಿತು. ಪ್ರಕರಣ ಕೊನೆ ಮುಟ್ಟುವ ಮೊದಲೇ ಕೋಯಿಚಾ ತೀರಿಕೊಂಡರು. ಬಳಿಕ 51ನೆಯ ದಾಯಿ ಸೈಯದ್ನಾ ತಾಹೇರ್ ಸೈಫುದ್ದೀನ್ 1958ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು.

1962ರ ಜನವರಿ 9ರ ತೀರ್ಪು ಈ ಇಡೀ ಕಥೆಯ ಗಂಟು. ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಕಾಯ್ದೆಯನ್ನು ಅಸಿಂಧುಗೊಳಿಸಿದರು. ಧಾರ್ಮಿಕ ಕಾರಣಕ್ಕೆ ಸದಸ್ಯರನ್ನು ಹೊರಹಾಕುವುದು ಪಂಥದ ಶಿಸ್ತನ್ನು ಕಾಪಾಡುವ ಸಾಧನ, ಸಂವಿಧಾನದ 26ನೆಯ ವಿಧಿ ಪಂಥಕ್ಕೆ ಕೊಟ್ಟ ಸ್ವಾತಂತ್ರ್ಯದ ಭಾಗ ಎಂಬುದು ಅವರ ತರ್ಕ. ಒಬ್ಬಂಟಿಯಾಗಿ ಭಿನ್ನಮತ ಬರೆದವರು ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ. ಬಹಿಷ್ಕೃತನನ್ನು ತನ್ನವರ ನಡುವೆಯೇ ಅಸ್ಪೃಶ್ಯನನ್ನಾಗಿ ಮಾಡಲಾಗುತ್ತದೆ, ಆದ್ದರಿಂದ ಈ ಕಾಯ್ದೆ ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೆಯ ವಿಧಿಯ ಆಶಯಕ್ಕೆ ತಕ್ಕುದಾಗಿದೆ ಎಂದರು. ನನ್ನ ಮಟ್ಟಿಗೆ ಸಿನ್ಹಾ ಅವರ ಮಾತೇ ಸರಿ. ಬಹುಮತದ ತೀರ್ಪು ಪಂಥವನ್ನು ಒಂದು ವ್ಯಕ್ತಿಯಂತೆ ಕಂಡಿತು. ಆ ಪಂಥದೊಳಗೆ ನಂಬಿಕೆಯಿಟ್ಟುಕೊಂಡೇ ಪ್ರಶ್ನೆ ಕೇಳುವ ಮನುಷ್ಯನಿಗೂ ಧರ್ಮಸ್ವಾತಂತ್ರ್ಯವಿದೆ ಎಂಬುದು ಅದರ ಗಮನಕ್ಕೆ ಸಾಲದಾಯಿತು.

ತೀರ್ಪು ನೆಲದ ಮೇಲೆ ಏನು ಮಾಡಿತು ಎಂಬುದನ್ನು ತಿಳಿಯಲು ಉದಯಪುರವನ್ನು ನೋಡಬೇಕು. 1970ರ ನಗರಸಭೆ ಚುನಾವಣೆಯಲ್ಲಿ ಅಲ್ಲಿನ ಬೊಹ್ರಾ ಯುವಕರ ಸಂಘ ಗುರುಪೀಠದ ಬೆಂಬಲವಿದ್ದವರ ವಿರುದ್ಧ ತನ್ನವರನ್ನು ನಿಲ್ಲಿಸಿ ಗೆಲ್ಲಿಸಿತು. ಮತ ಯಾರಿಗೆ ಹಾಕಬೇಕು ಎಂಬುದಕ್ಕೂ ರಝಾ ಬೇಕೇ ಎಂಬುದೇ ಪ್ರಶ್ನೆ. ಮುಂದಿನ ಕೆಲವೇ ವರ್ಷಗಳಲ್ಲಿ ಉದಯಪುರದ ಸಮಾಜ ಎರಡಾಯಿತು. ಸುಧಾರಣಾವಾದಿಗಳ ಮೇಲೆ 'ಬರಾತ್', ಅಂದರೆ ಸಂಬಂಧ ಕಡಿದುಕೊಳ್ಳುವ ಕಟ್ಟಳೆ, ಬಿತ್ತು. ಗಂಡ ಒಂದು ಕಡೆ, ಹೆಂಡತಿಯ ತವರು ಇನ್ನೊಂದು ಕಡೆ. ನಿಕಾಹ್ ಓದಿಸಲು ಆಮಿಲ್ ಬರಲಿಲ್ಲ. ಆಗ ಅವರು ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ: ಧರ್ಮ ಬಿಡಲಿಲ್ಲ, ಬೇರೆ ಪಂಥ ಸೇರಲಿಲ್ಲ. ತಮ್ಮ ಕೈಯಲ್ಲಿ ಉಳಿದ ಮಸೀದಿಗಳಲ್ಲಿ ತಾವೇ ನಮಾಜ್ ನಡೆಸಿದರು, ನಿಕಾಹ್‌ಗಳನ್ನು ತಾವೇ ಓದಿಸಿದರು, ಮೊಹರಂನಲ್ಲಿ ಹುಸೇನರಿಗಾಗಿ ಎಂದಿನಂತೆ ಅತ್ತರು. ಈ ಹೋರಾಟದ ಮುಂಚೂಣಿಯಲ್ಲಿ ಹೆಂಗಸರಿದ್ದರು. ಇಂದಿಗೂ ಅವರು ತಮ್ಮನ್ನು ದಾವೂದಿ ಬೊಹ್ರಾ ಎಂದೇ ಕರೆದುಕೊಳ್ಳುತ್ತಾರೆ.

1977ರಲ್ಲಿ ಅದೇ ಉದಯಪುರದಲ್ಲಿ ಸುಧಾರಣಾವಾದಿಗಳ ಮೊದಲ ದೊಡ್ಡ ಸಮ್ಮೇಳನ ನಡೆಯಿತು. ಜಯಪ್ರಕಾಶ್ ನಾರಾಯಣರು ಕಟ್ಟಿದ್ದ 'ಸಿಟಿಜನ್ಸ್ ಫಾರ್ ಡೆಮಾಕ್ರಸಿ' ನ್ಯಾಯಮೂರ್ತಿ ನಥ್ವಾನಿ ಅವರ ನೇತೃತ್ವದಲ್ಲಿ ಆಯೋಗ ನೇಮಿಸಿತು. 1979ರ ಅದರ ವರದಿ, ಭಿನ್ನಮತೀಯರ ಮೇಲೆ ಸಾಮಾಜಿಕ ಬಹಿಷ್ಕಾರ ಮತ್ತು ಕಿರುಕುಳ ನಡೆದಿದೆ ಎಂದು ದಾಖಲಿಸಿತು. ಅದು ಸರ್ಕಾರಿ ಆಯೋಗವಲ್ಲ, ಹಾಗಾಗಿ ವರದಿಗೆ ಕಾನೂನಿನ ಬಲವಿರಲಿಲ್ಲ.

ಚಳವಳಿಗೆ ಮುಖವಾದವರು ಅಸ್ಗರ್ ಅಲಿ ಇಂಜಿನಿಯರ್. 1939ರಲ್ಲಿ ರಾಜಸ್ಥಾನದ ಸಲೂಂಬರಿನಲ್ಲಿ ಹುಟ್ಟಿದರು, ತಂದೆ ಸ್ವತಃ ಆಮಿಲರು. ಅರಬ್ಬಿ, ಕುರಾನಿನ ವ್ಯಾಖ್ಯಾನ ಎಲ್ಲವನ್ನೂ ಮಗ ತಂದೆಯಿಂದಲೇ ಕಲಿತರು. ಉಜ್ಜಯಿನಿಯ ವಿಕ್ರಮ ವಿಶ್ವವಿದ್ಯಾಲಯದಿಂದ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದು, ಮುಂಬೈ ಮಹಾನಗರ ಪಾಲಿಕೆಯಲ್ಲಿ ಸುಮಾರು 20 ವರ್ಷ ದುಡಿದು, ಕೆಲಸ ಬಿಟ್ಟು ಸುಧಾರಣೆಗೆ ಇಳಿದರು. ಅವರ ಮೇಲೆ ಹಲವು ಬಾರಿ ಹಲ್ಲೆಗಳಾದವು. 2000ದಲ್ಲಿ ಮುಂಬೈಯ ಅವರ ಮನೆ, ಕಚೇರಿಗಳ ಮೇಲೆ ದಾಳಿ ನಡೆಯಿತು. ಅವರು ಕುರಾನನ್ನು ಕೆಳಗಿಡಲಿಲ್ಲ. ಹೆಣ್ಣುಮಕ್ಕಳ ಹಕ್ಕು, ಕೋಮುಸೌಹಾರ್ದದ ಪರವಾದ ತಮ್ಮ ವಾದಗಳಿಗೆಲ್ಲ ಅದರಲ್ಲೇ ಆಧಾರ ಹುಡುಕಿದರು. ಸಂದೇಹಪಡುವವನು ನಾಸ್ತಿಕನೇ ಆಗಬೇಕು ಎಂದು ಎರಡೂ ಕಡೆಯವರು ಒತ್ತಾಯಿಸುವ ಕಾಲದಲ್ಲಿ ಅವರು ಸಂದೇಹವನ್ನೂ ಶ್ರದ್ಧೆಯನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕಿದರು. 2004ರಲ್ಲಿ ಸ್ವಾಮಿ ಅಗ್ನಿವೇಶರ ಜೊತೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದರು. 2013ರ ಮೇ 14ರಂದು ತೀರಿಕೊಂಡರು.

1962ರ ತೀರ್ಪನ್ನು ಮರುಪರಿಶೀಲಿಸಿ ಎಂದು ಸುಧಾರಣಾವಾದಿಗಳ ಸಂಘಟನೆಯಾದ ದಾವೂದಿ ಬೊಹ್ರಾ ಸಮುದಾಯದ ಕೇಂದ್ರ ಮಂಡಳಿ 1986ರಲ್ಲೇ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತ್ತು. ಎಷ್ಟು ನ್ಯಾಯಮೂರ್ತಿಗಳ ಪೀಠ ಕೇಳಬೇಕು ಎಂಬುದರಲ್ಲೇ 2004 ಬಂತು. ಈ ನಡುವೆ 2014ರಲ್ಲಿ 52ನೆಯ ದಾಯಿ ಮೊಹಮ್ಮದ್ ಬುರ್ಹಾನುದ್ದೀನ್ ನಿಧನರಾದರು, ಉತ್ತರಾಧಿಕಾರಕ್ಕೆ ಬೇರೆಯದೇ ಮೊಕದ್ದಮೆ ನಡೆಯಿತು. 2024ರ ಏಪ್ರಿಲ್‌ನಲ್ಲಿ ಮುಂಬೈ ಹೈಕೋರ್ಟ್ ಅದನ್ನು ಬುರ್ಹಾನುದ್ದೀನರ ಮಗ ಮುಫದ್ದಲ್ ಸೈಫುದ್ದೀನ್ ಅವರ ಪರವಾಗಿ ತೀರ್ಮಾನಿಸಿತು. ಸುಧಾರಣಾವಾದಿಗಳ ಪ್ರಶ್ನೆಗೂ ಅದಕ್ಕೂ ಸಂಬಂಧ ಕಡಿಮೆ; ಪೀಠದಲ್ಲಿ ಯಾರೇ ಕುಳಿತರೂ ಬಹಿಷ್ಕಾರದ ಅಧಿಕಾರ ಉಳಿಯುತ್ತದೆ.

ಜಾತಿ ಪಂಚಾಯಿತಿಗಳ ಹಾವಳಿಯ ವಿರುದ್ಧ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರ ನಿಷೇಧ ಕಾಯ್ದೆ ಮಾಡಿ, ಕೋರ್ಟ್ ಅಸಿಂಧುಗೊಳಿಸಿದ್ದರೂ ಕಾನೂನು ಪುಸ್ತಕದಲ್ಲಿ ಉಳಿದಿದ್ದ ಹಳೆಯ 1949ರ ಕಾಯ್ದೆಯನ್ನು ವಿಧಿವತ್ತಾಗಿ ರದ್ದುಗೊಳಿಸಿತು. ಹಾಗಿದ್ದರೆ ಹಳೆಯ ಅರ್ಜಿಯಲ್ಲಿ ಇನ್ನೇನು ಉಳಿದಿದೆ ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿ ನಡೆಯಿತು. 2023ರ ಫೆಬ್ರುವರಿ 10ರಂದು ಐವರ ಪೀಠ ಪ್ರಶ್ನೆ ಜೀವಂತವಾಗಿದೆ ಎಂದಿತು: ಕಾಯ್ದೆ ಹೋದರೂ, ಬಹಿಷ್ಕಾರ ಪಂಥದ ಸಂವಿಧಾನದತ್ತ ಹಕ್ಕು ಎಂಬ 1962ರ ತೀರ್ಪು ಹಾಗೆಯೇ ಇದೆ. ಆ ಹಕ್ಕನ್ನು ವ್ಯಕ್ತಿಯ ಘನತೆಯ ಜೊತೆ, ಸಾಂವಿಧಾನಿಕ ನೈತಿಕತೆಯ ಜೊತೆ ಇಟ್ಟು ತೂಗಿನೋಡಬೇಕು ಎಂದು ಹೇಳಿ, ಪ್ರಕರಣವನ್ನು ಶಬರಿಮಲೆ ವಿಚಾರವನ್ನು ಕೇಳುವ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಅರ್ಜಿ ಹಾಕಿ ಆಗ 37 ವರ್ಷಗಳಾಗಿದ್ದವು.