ಮೊಬೈಲ್ ಫೋಟೋಗೆ ಹಳೇ ರೀಲಿನ ಕಳೆ: ಒಂದು ಧೋತರ ಕಲಿಸಿದ್ದು

ಇಲ್ಲಿ ರೀಲು ಅಂದ್ರೆ ಇನ್‌ಸ್ಟಾಗ್ರಾಮಿನ ರೀಲ್ಸ್ ಅಲ್ಲ. ಕ್ಯಾಮೆರಾಕ್ಕೆ ಹಾಕುತ್ತಿದ್ದ 36 ಫೋಟೋಗಳ ಸುರುಳಿ. ಆ ಕಳೆ ಬೇಕಾದರೆ ಮೊದಲು ಫೋನ್ ಕ್ಯಾಮೆರಾದ ಎಚ್‌ಡಿಆರ್ (ಬೆಳಕು-ನೆರಳು ಸಮ ಮಾಡುವ ಸೌಲಭ್ಯ) ಆಫ್ ಮಾಡಿ, ಅದು ನೆರಳನ್ನೆಲ್ಲ ಚಪ್ಪಟೆ ಮಾಡುತ್ತದೆ. ಇದು ಎಲ್ಲರಿಗೂ ಗೊತ್ತು, ಮುಂದಕ್ಕೆ ಹೋಗೋಣ.

ನಾನು ಎಡವಿದ್ದು ಬೆಳಕಿನಲ್ಲಿ

ರೀಲು ಕಾಲದವರ ನಿಯಮ: ನೆರಳು ನೋಡಿ ಬೆಳಕು ಅಳೆ. ಕಲರ್ ನೆಗೆಟಿವ್‌ಗೆ, ಅಂದ್ರೆ ಆ ರೀಲಿನ ಫಿಲ್ಮಿಗೆ, ಬೆಳಕು ಕಮ್ಮಿಯಾದರೆ ನೆರಳು ಮಸಿಯಾಗುತ್ತದೆ, ಸ್ವಲ್ಪ ಜಾಸ್ತಿಯಾದರೆ ತಡೆದುಕೊಳ್ಳುತ್ತದೆ. ಇದನ್ನೇ ನಂಬಿ ಕಲಬುರಗಿ ಸೂಪರ್ ಮಾರ್ಕೆಟ್‌ಗೆ ಮಟಮಟ ಮಧ್ಯಾಹ್ನ ಹೋದೆ. ತಗಡಿನ ನೆರಳಲ್ಲಿ ಒಬ್ಬ ಕಾಕಾ ಮೆಣಸಿನಕಾಯಿ ರಾಶಿ ಮುಂದೆ ಕೂತಿದ್ದರು. ಒಂದು ಮೊಣಕಾಲು ಮಾತ್ರ ಬಿಸಿಲಿಗೆ. ಸ್ಕ್ರೀನಿನಲ್ಲಿ ನೆರಳಲ್ಲಿದ್ದ ಮುಖದ ಮೇಲೆ ಬೆರಳಿಟ್ಟು ಫೋಟೋ ಹೊಡೆದೆ. ಮುಖ ಛಲೋ ಬಂತು. ಮೊಣಕಾಲಿನ ಮೇಲಿನ ಧೋತರ ಬರೀ ಬಿಳಿ ತೂತು! ನಿರಿಗೆ ಇಲ್ಲ, ನೇಯ್ಗೆ ಇಲ್ಲ. ಫೋಟೋ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಿ ಹೈಲೈಟ್ಸ್ (ಬೆಳ್ಳಗಿನ ಭಾಗದ ಹೊಳಪು) ಇಳಿಸಿದೆ. ಬಿಳಿ ತೂತು ಬೂದು ತೂತಾಯಿತು, ಅಷ್ಟೇ.

ಯಾಕೆ ಅಂತ ತಿಳಿಯಲು ನನಗೆ ಒಂದು ರಾತ್ರಿ ಬೇಕಾಯಿತು. ಫೋನಿನಲ್ಲಿ ಬೆಳಕು ಹಿಡಿಯುವ ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ನಳದ ಕೆಳಗಿಟ್ಟ ಕೊಡ. ತುಂಬಿದ ಮೇಲೆ ಚೆಲ್ಲಿದ ನೀರಿಗೆ ಲೆಕ್ಕವಿಲ್ಲ. ನಿರಿಗೆಯ ಉಬ್ಬಿಗೆ ಎರಡು ಕೊಡದಷ್ಟು ಬೆಳಕು ಬಿತ್ತು, ಸಂದಿಗೆ ಒಂದೂವರೆ ಅಂದುಕೊಳ್ಳಿ. ಎರಡು ಕಡೆಯೂ ಕೊಡ ಭರ್ತಿ. ಫೋನಿಗೆ ಎರಡೂ ಒಂದೇ. ವ್ಯತ್ಯಾಸವೇ ದಾಖಲಾಗದಿದ್ದರೆ ಆಮೇಲೆ ಇಳಿಸಿ ತೆಗೆಯೋದು ಏನನ್ನು? ನೆಗೆಟಿವ್ ಹಾಗೆ ಗಕ್ಕನೆ ತುಂಬುವುದಿಲ್ಲ. ಬೆಳಕು ಏರಿದಂತೆ ನಿಧಾನಕ್ಕೆ ಇನ್ನಷ್ಟು ದಟ್ಟವಾಗುತ್ತಾ ಹೋಗುತ್ತದೆ.

ಹಾಗಾಗಿ ಮೊಬೈಲಿನಲ್ಲಿ ನಿಯಮ ಉಲ್ಟಾ. ಬಿಳಿಯ ಮೇಲೆ ಬೆರಳೊತ್ತಿ ಹಿಡಿಯಿರಿ, ಬಹಳಷ್ಟು ಫೋನುಗಳಲ್ಲಿ ಬೆಳಕಿನ ಅಳತೆ ಲಾಕ್ ಆಗುತ್ತದೆ. ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಸ್ಕ್ರೀನ್ ಕಪ್ಪಾಗಿ ಕಾಣುತ್ತದೆ, ಗಾಬರಿ ಬೇಡ. ನೆರಳನ್ನು ಆಮೇಲೆ ಏರಿಸಬಹುದು. ಏರಿಸಿದಾಗ ಕಾಣುವ ಕಾಳುಕಾಳು ಈ ಕಳೆಗೆ ಒಪ್ಪುತ್ತದೆ ಕೂಡ.

ಮರುದಿನ ಮತ್ತೆ ಹೋದೆ. “ಮತ್ತ ಬಂದೇನಪಾ?” ಅಂದರು ಕಾಕಾ. ನಿನ್ನೆ ಧೋತರ ಛಲೋ ಬರಲಿಲ್ಲ ಅಂದೆ. “ಇವತ್ತ ಒಗದದ್ದು ಉಟ್ಟೀನಿ, ಹೊಡಿ!” ನಿನ್ನೆಗಿಂತ ಬೆಳ್ಳಗಿತ್ತು. ಇನ್ನೂ ಒಂಚೂರು ಕೆಳಗೆ ಎಳೆದೆ.

ಕಪ್ಪು

ಆ್ಯಪ್‌ನ ಕರ್ವ್ಸ್‌ನಲ್ಲಿ (ಕಪ್ಪು-ಬಿಳುಪು ಹೊಂದಿಸುವ ಗೆರೆ) ಎಡಗಡೆ ಕೆಳಮೂಲೆಯ ಚುಕ್ಕಿಯನ್ನು ಒಂದು ಕೂದಲಷ್ಟು ಮೇಲೆತ್ತಿ. ಆಲ್ಬಮ್‌ನ ಹಳೇ ಪ್ರಿಂಟಿನ ಮಾಸಿದ ಕಪ್ಪು ಬರುತ್ತದೆ. ಎಲ್ಲದಕ್ಕೂ ಬೇಡ. ಮನೆಯ ಬಿದರಿ ಹೂಜಿಗೆ ಮಾಡಿ ನೋಡಿದೆ, ಧೂಳು ಹಿಡಿದ ಅಲ್ಯುಮಿನಿಯಂ ಚೊಂಬಿನಂತೆ ಕಂಡಿತು. ಗಾಢ ಕಪ್ಪಿನ ಮೇಲೆ ಬೆಳ್ಳಿ ಹೊಳೆಯೋದೇ ಬಿದರಿಯ ಚಂದ, ಅಲ್ವಾ?

ಬಣ್ಣ, ಕಾಳು

ಹಳದಿ ಫಿಲ್ಟರ್ ಬಳಿದರೆ ಹಳೇದಾಗಲ್ಲ. ಸಾಮಾನ್ಯ ಕಲರ್ ರೀಲು ಹಗಲಿನ ಬೆಳಕಿಗೆ, ಸುಮಾರು 5500 ಕೆಲ್ವಿನ್‌ಗೆ (ಬೆಳಕಿನ ಬಣ್ಣದ ಅಳತೆ), ಹೊಂದಿಸಿದ್ದು. ಹಳೇ ಬಲ್ಬಿನ ಕೆಳಗೆ ಮಾತ್ರ ಕಿತ್ತಳೆಯಾಗುತ್ತಿತ್ತು. ಅಡುಗೆಮನೆ ಫೋಟೋಗೆ ಬಿಸಿ ಬಣ್ಣ ಸರಿ, ನಡುಮಧ್ಯಾಹ್ನಕ್ಕೆ ಸುಮ್ನೆ ಬಿಡಿ. ಗ್ರೇನ್, ಅಂದ್ರೆ ಆ ಕಾಳುಕಾಳು, ಕೊನೆಗೆ, ಸ್ವಲ್ಪವೇ. ರೀಲಿನ ಚೌಕಟ್ಟು 36×24 ಮಿಮೀ, ಅದಕ್ಕೆ 3:2ಕ್ಕೆ ಕತ್ತರಿಸಿ.

ಒಂದು ಸುತ್ತಿನಲ್ಲಿ 36 ಫೋಟೋ ಮಾತ್ರ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೇನೆ. ಮೊದಲ ಸುತ್ತಿನಲ್ಲಿ 22 ಧೋತರಕ್ಕೇ ಹೋದವು.