ಯೂರಿಯಾ ಸಾಲಿನಲ್ಲಿ ನಿಂತವರ ತಾಳ್ಮೆ ಯಾಕೆ ಬೇಗ ತಪ್ಪುತ್ತದೆ?

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೊಡಿ ಎಂದು ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ಜೀವ ಕಳೆದುಕೊಂಡರು. ಆಗ ಅಕ್ಕಿ, ಜೋಳಕ್ಕೇನೂ ಬರ ಇರಲಿಲ್ಲ. ಬಿತ್ತನೆ ಹೊತ್ತಿಗೆ ಗೊಬ್ಬರ ಸಿಗಲಿಲ್ಲ, ಅಷ್ಟೇ.

ಗ್ಯಾಸ್ ಸಿಲಿಂಡರ್ ತಡವಾದರೆ ಜನ ಗೊಣಗುತ್ತಾ ಕಾಯುತ್ತಾರೆ, ಗೊಬ್ಬರಕ್ಕೆ ಮಾತ್ರ ಯಾಕೆ ಇಷ್ಟು ಗಲಾಟೆ ಅಂತ ಮಣ್ಣು ಪರೀಕ್ಷೆ ಮಾಡುವ ನನ್ನನ್ನು ಪೇಟೆಯವರು ಕೇಳುತ್ತಾರೆ. ಬೆಳೆ ಕಾಯುವುದಿಲ್ಲ, ಅದಕ್ಕೇ.

ಗೋವಿನಜೋಳವನ್ನೇ ನೋಡಿ. ಬಿತ್ತಿ ತಿಂಗಳಾಗುವಾಗ ಎಡೆ ಹೊಡೆದು, ಮಣ್ಣಲ್ಲಿ ಹಸಿ ಇರುವಾಗಲೇ ಸಾರಜನಕದ ಗೊಬ್ಬರವಾದ ಯೂರಿಯಾ ಕೊಡಬೇಕು. ಸಿಗದಿದ್ದರೆ ಮೊದಲು ಕೆಳಗಿನ ಎಲೆಯ ತುದಿ ಹಳದಿಯಾಗುತ್ತದೆ. ಆ ಹಳದಿ ನಡುನರದ ಗುಂಟ ಒಳಗೆ ಇಳಿಯುತ್ತದೆ. ಹೊಸ ಎಲೆಗೆ ಸಾರಜನಕ ಸಾಲದೆ ಗಿಡ ಹಳೆಯ ಎಲೆಯಿಂದ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಮೂರು ವಾರ ಬಿಟ್ಟು ಲಾರಿ ಬಂದರೆ ಗಿಡ ಹಸಿರಾಗಬಹುದು, ತೆನೆಯಲ್ಲಿ ಆದ ನಷ್ಟ ಪೂರ್ತಿ ತುಂಬುವುದಿಲ್ಲ. ಬೀಜಕ್ಕೆ, ಟ್ರ್ಯಾಕ್ಟರ್ ಬಾಡಿಗೆಗೆ ಸಾಲ ಆಗಲೇ ಆಗಿರುತ್ತದೆ. ಅಂಥವರಿಗೆ ಸೊಸೈಟಿಯಲ್ಲಿ ‘ನಾಳೆ ಬನ್ನಿ’ ಅಂದರೆ ಹೇಗಿರುತ್ತದೆ ಹೇಳಿ. ಹೆದರಿ, ಎರಡು ಚೀಲ ಬೇಕಾದವರು ನಾಲ್ಕು ಒಯ್ಯುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಆದರೆ ಸಣ್ಣ ಕೊರತೆ ದೊಡ್ಡದಾಗುವುದು ಹೀಗೇ.

ಇನ್ನು ಈ ಚೀಲ ಎಲ್ಲಿಂದ ಬರುತ್ತದೆ ನೋಡಿ. ಯೂರಿಯಾ ಮಾಡಲು ನೈಸರ್ಗಿಕ ಅನಿಲ ಬೇಕು, ಅದರಲ್ಲಿ ದೊಡ್ಡ ಪಾಲು ಹೊರದೇಶದ್ದು. ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಆಮದು. ಡಿಎಪಿ ಅಂದರೆ ಸಾರಜನಕದ ಜೊತೆ ರಂಜಕವೂ ಇರುವ ಗೊಬ್ಬರ; ಅದಕ್ಕೆ ಬೇಕಾದ ರಂಜಕದ ಕಲ್ಲಿನ ಜಾಗತಿಕ ನಿಕ್ಷೇಪದಲ್ಲಿ ಬಹುಪಾಲು ಮೊರಾಕ್ಕೊದಲ್ಲಿದೆ. 2021ರಲ್ಲಿ ಚೀನಾ ಗೊಬ್ಬರದ ರಫ್ತು ಬಿಗಿ ಮಾಡಿತು, ಮರುವರ್ಷ ಉಕ್ರೇನ್ ಯುದ್ಧ. ಎರಡರ ಬಿಸಿಯೂ ನಮ್ಮ ಗೋದಾಮಿಗೆ ತಟ್ಟಿತು.

ಶ್ರೀಲಂಕಾದ ಕಥೆ ಇನ್ನೂ ಕಠಿಣ. ಡಾಲರ್ ಖಾಲಿಯಾಗುತ್ತಿದ್ದಾಗ, 2021ರ ಮೇನಲ್ಲಿ, ಇಡೀ ದೇಶ ಸಾವಯವ ಕೃಷಿಗೆ ಬದಲಾಗಲಿ ಅಂತ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿತು. ನವೆಂಬರ್‌ನಲ್ಲಿ ನಿರ್ಧಾರ ಸಡಿಲಿಸುವಷ್ಟರಲ್ಲಿ ಹಂಗಾಮು ಕೈತಪ್ಪಿತ್ತು. ಭತ್ತದ ಇಳುವರಿ ಕುಸಿಯಿತು, ಅಕ್ಕಿ ಹೊರಗಿನಿಂದ ತರಿಸಬೇಕಾಯಿತು. ಆಮೇಲೆ ಪೆಟ್ರೋಲ್, ಔಷಧಿ, ಕರೆಂಟ್ ಎಲ್ಲಕ್ಕೂ ಕೊರತೆ. 2022ರ ಜುಲೈನಲ್ಲಿ ಅಧ್ಯಕ್ಷರು ದೇಶ ಬಿಟ್ಟು ಓಡಿದರು. ಗೊಬ್ಬರವೊಂದೇ ಕಾರಣ ಅಲ್ಲ, ಸಾಲದ ಹೊರೆಯೂ ಇತ್ತು. ಆದರೆ ಹಳ್ಳಿಗಳು ಮೊದಲು ಸಿಟ್ಟಿಗೆದ್ದದ್ದು ಗೊಬ್ಬರಕ್ಕೇ. ಸಾವಯವಕ್ಕೆ ನನ್ನ ವಿರೋಧ ಇಲ್ಲ. ಒಂದೇ ಹಂಗಾಮಿನಲ್ಲಿ ಇಡೀ ದೇಶ ಬದಲಾಗಬೇಕು ಅನ್ನುವುದಕ್ಕೆ ಖಂಡಿತ ವಿರೋಧ ಇದೆ.

ಸರ್ಕಾರ ಮಾಡಬೇಕಾದ್ದು ಮುಖ್ಯವಾಗಿ ಒಂದು: ಮೇ ಮುಗಿಯುವುದರೊಳಗೆ ತಾಲ್ಲೂಕು ಗೋದಾಮುಗಳಲ್ಲಿ ದಾಸ್ತಾನು ಇಟ್ಟು, ಎಷ್ಟಿದೆ ಅಂತ ಸೊಸೈಟಿ ಬೋರ್ಡಿನಲ್ಲಿ ದಿನಾ ಬರೆಸುವುದು. ಲೆಕ್ಕ ಕಣ್ಣಿಗೆ ಕಂಡರೆ ಜನ ಸಾಲಿನಲ್ಲಿ ನಿಲ್ಲುತ್ತಾರೆ.

ನಮ್ಮ ಕೈಯಲ್ಲೂ ಸ್ವಲ್ಪ ಇದೆ. 45 ಕೆಜಿಯ ಯೂರಿಯಾ ಚೀಲ ಸುಮಾರು 266 ರೂಪಾಯಿ, 50 ಕೆಜಿ ಡಿಎಪಿ 1,350. ಅಗ್ಗ ಅಂತ ಯೂರಿಯಾ ಜಾಸ್ತಿ ಸುರಿಯುತ್ತೇವೆ. ಅದನ್ನೂ ಸುಮ್ನೆ ಮೇಲೆ ಚೆಲ್ಲಿದರೆ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಬುಡದ ಪಕ್ಕ ಹಾಕಿ ಮಣ್ಣು ಮುಚ್ಚಿ. ರಂಜಕ ಆಗಲೇ ಸಾಕಷ್ಟಿರುವ ಹೊಲಕ್ಕೂ ವರ್ಷವರ್ಷ ಡಿಎಪಿ ಹಾಕುವವರಿದ್ದಾರೆ. ಬಿತ್ತನೆಗೆ ಮೊದಲೇ ಮಣ್ಣು ಪರೀಕ್ಷೆಗೆ ಕೊಡಿ. ಹೊಲದ ಹತ್ತಾರು ಕಡೆ ಗೇಣುದ್ದ ಅಗೆದು ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ತಂದರೆ ಸಾಕು. ಬದುವಿನ ಪಕ್ಕದ್ದು, ತಿಪ್ಪೆ ಇದ್ದ ಜಾಗದ್ದು ಬೇಡ.